ಮೊದಲು ಆಮ್ಲಜನಕ, ಆಮೇಲೆ ಟ್ಯೂಬು

ತುರ್ತು ಚಿಕಿತ್ಸೆಯ ಪಾಠ ಯಾವ ದೇಶದಲ್ಲಾದರೂ ಉಸಿರಿನ ದಾರಿಯಿಂದಲೇ ಶುರುವಾಗುತ್ತದೆ. ಧಾರಾಕಾರವಾಗಿ ಹರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದು, ಹೃದಯ ನಿಂತವರ ಎದೆ ಒತ್ತುವುದು ಇವನ್ನು ಬಿಟ್ಟರೆ, ಮಿಕ್ಕ ಎಲ್ಲ ಚಿಕಿತ್ಸೆಯೂ ಮೂಗು ಬಾಯಿಯಿಂದ ಶ್ವಾಸಕೋಶದವರೆಗಿನ ದಾರಿ ತೆರೆದಿದೆಯೇ ಎಂದು ನೋಡಿದ ನಂತರದ್ದು. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಆ ದಾರಿಯನ್ನು ಕಾಯುವ ಬಗೆಯಲ್ಲಿ. ಆಸ್ಪತ್ರೆಗಳ ಒಳಗೂ ಹೊರಗೂ ಒಂದು ನಂಬಿಕೆ ಬೇರೂರಿದೆ: ಪ್ರಜ್ಞೆ ತಪ್ಪಿದ ರೋಗಿಯ ಗಂಟಲೊಳಗೆ ಧ್ವನಿಪೆಟ್ಟಿಗೆ ನೋಡುವ ಲ್ಯಾರಿಂಗೋಸ್ಕೋಪ್ ಇಳಿಸಿ, ಧ್ವನಿತಂತುಗಳ ನಡುವಿನಿಂದ ಶ್ವಾಸನಾಳಕ್ಕೆ ಟ್ಯೂಬು ತೂರಿಸುವುದೇ ನಿಜವಾದ ಚಿಕಿತ್ಸೆ, ಮಾಸ್ಕು, ಅಂಬು ಬ್ಯಾಗು, ಗಂಟಲ ಮೇಲ್ಭಾಗದಲ್ಲಿ ಕೂರುವ ಸಾಧನಗಳೆಲ್ಲ ಟ್ಯೂಬು ಹಾಕಲು ಬಾರದವರ ತಾತ್ಕಾಲಿಕ ಏರ್ಪಾಡು. ಟ್ಯೂಬು ಹಾಕಬಲ್ಲವರು ಪಳಗಿದ ವೈದ್ಯರು, ಮಾಸ್ಕು ಹಿಡಿದು ಬ್ಯಾಗು ಒತ್ತುವವರು ಬರೀ ಸಹಾಯಕರು. ಕಳೆದ ಇಪ್ಪತ್ತೈದು ವರ್ಷಗಳ ಪುರಾವೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಶ್ರೇಣಿ ತಲೆಕೆಳಗಾಗಿದೆ ಎಂದೇ ಹೇಳಬೇಕಾಗುತ್ತದೆ. ರೋಗಿಯನ್ನು ಉಳಿಸುವುದು ರಕ್ತಕ್ಕೆ ಸೇರುವ ಆಮ್ಲಜನಕ. ಟ್ಯೂಬು ಅದನ್ನು ತಲುಪಿಸುವ ಹಲವು ಹಾದಿಗಳಲ್ಲಿ ಒಂದು. ಕೆಲವು ಸಲ ಎಲ್ಲಕ್ಕಿಂತ ಒಳ್ಳೆಯದು, ಕೆಲವು ಸಲ ಎಲ್ಲಕ್ಕಿಂತ ಅಪಾಯದ್ದು. ನಮ್ಮ ತರಬೇತಿ, ಖರೀದಿ, ಆಸ್ಪತ್ರೆಯ ಶಿಸ್ತು ಈ ತಿಳಿವಳಿಕೆಯ ಮೇಲೆ ನಿಲ್ಲಬೇಕು ಎಂಬುದು ಈ ಲೇಖನದ ವಾದ.

ವಾದದ ಬುಡದಲ್ಲಿರುವುದು ಸರಳ ಲೆಕ್ಕ. ವಯಸ್ಕರೊಬ್ಬರ ದೇಹ ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಉಸಿರು ಹೊರಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಎರಡರಿಂದ ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ, ಆದರೆ ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಹೀಗಾಗಿ ಸಾಮಾನ್ಯ ಗಾಳಿ ಸೇವಿಸುತ್ತಿದ್ದವರ ಉಸಿರು ನಿಂತರೆ ದಾಸ್ತಾನು ಒಂದೆರಡು ನಿಮಿಷಕ್ಕೆ ಬರಿದಾಗುತ್ತದೆ. ಅವರಿಗೇ ಮೊದಲು ಮೂರು ನಾಲ್ಕು ನಿಮಿಷ ಬಿಗಿಯಾದ ಮಾಸ್ಕಿನಿಂದ ಶುದ್ಧ ಆಮ್ಲಜನಕ ಕೊಟ್ಟು ನೈಟ್ರೋಜನ್ ತೊಳೆದು ಹಾಕಿದ್ದರೆ, ಆರೋಗ್ಯವಂತ ವಯಸ್ಕರಲ್ಲಿ ರಕ್ತದ ಆಮ್ಲಜನಕ ಶೇಕಡ 90ಕ್ಕೆ ಇಳಿಯಲು ಸುಮಾರು ಎಂಟು ನಿಮಿಷ ಹಿಡಿಯುತ್ತದೆ. ತೀವ್ರ ಕಾಯಿಲೆಯವರಲ್ಲಿ, ಬೊಜ್ಜಿನವರಲ್ಲಿ, ತುಂಬು ಗರ್ಭಿಣಿಯರಲ್ಲಿ, ಪುಟ್ಟ ಮಕ್ಕಳಲ್ಲಿ ಈ ಅವಧಿ ಬಹಳ ಕಡಿಮೆ. 90ರ ಕೆಳಗಿನ ಇಳಿತವಂತೂ ಕಡಿದಾದದ್ದು. ಅಲ್ಲಿಂದ ಮುಂದೆ ಅಂಕಿ ನೋಡುತ್ತಿದ್ದಂತೆಯೇ ಕುಸಿಯುತ್ತದೆ. ಆಮ್ಲಜನಕ ಪೂರ್ತಿ ನಿಂತು ನಾಲ್ಕಾರು ನಿಮಿಷ ಕಳೆದರೆ ಮಿದುಳಿಗೆ ಮತ್ತೆ ಸರಿಯಾಗದ ಹಾನಿ ಶುರುವಾಗುತ್ತದೆ. ಔಷಧ ಕೊಟ್ಟು ರೋಗಿಯ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಿ ಟ್ಯೂಬಿಗಾಗಿ ಗಂಟಲಲ್ಲಿ ಹುಡುಕಾಡುವಾಗ ಹೋಗುವ ಒಂದೊಂದು ಸೆಕೆಂಡೂ ಈ ದಾಸ್ತಾನಿನಿಂದಲೇ ಹೋಗುತ್ತದೆ. ಆದ್ದರಿಂದ ಹುಡುಕಾಟಕ್ಕೆ ಮುನ್ನ ದಾಸ್ತಾನು ತುಂಬಿಸುವುದು, ಹುಡುಕಾಟ ಫಲಿಸದಿದ್ದರೆ ತಕ್ಷಣ ಮತ್ತೆ ತುಂಬಿಸುವುದು ಕಡ್ಡಾಯ. ಈ ಎರಡೂ ಕೆಲಸ ಮಾಡುವುದು ಮಾಸ್ಕು.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1950ರ ದಶಕದ ತನಕ ಮುಳುಗಿದವರಿಗೆ, ಉಸಿರು ನಿಂತವರಿಗೆ ಕೃತಕ ಉಸಿರಾಟ ಎಂದರೆ ಬೋರಲು ಮಲಗಿಸಿ ಬೆನ್ನೊತ್ತುವುದು, ತೋಳು ಎತ್ತಿ ಇಳಿಸುವುದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞ ಸ್ವಯಂಸೇವಕರಿಗೆ ಔಷಧ ಕೊಟ್ಟು ತಾತ್ಕಾಲಿಕವಾಗಿ ಉಸಿರು ನಿಲ್ಲಿಸಿ ಈ ಪದ್ಧತಿಗಳನ್ನು ಪರೀಕ್ಷಿಸಿದರು. ಪ್ರಜ್ಞೆ ತಪ್ಪಿದವರಲ್ಲಿ ನಾಲಿಗೆಯ ಬುಡ ಮತ್ತು ಗಂಟಲಿನ ಮೃದು ಭಾಗಗಳು ಹಿಂದಕ್ಕೆ ಜಾರಿ ದಾರಿ ಮುಚ್ಚುವುದರಿಂದ, ಎದೆ ಬೆನ್ನುಗಳನ್ನು ಎಷ್ಟು ಒತ್ತಿದರೂ ಬೇಕಾದಷ್ಟು ಗಾಳಿ ಒಳಹೋಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಮೇಲೆತ್ತಿದರೆ ಅದೇ ದಾರಿ ತೆರೆದುಕೊಳ್ಳುತ್ತದೆ. ಆಗ ತರಬೇತಿ ಅಷ್ಟಾಗಿ ಇಲ್ಲದವರೂ ಬಾಯಿಗೆ ಬಾಯಿಟ್ಟು ಊದಿ ಉಸಿರು ಕೊಡಬಲ್ಲರು. 1958ರ ಹೊತ್ತಿಗೆ ಪ್ರಕಟವಾದ ಈ ಕೆಲಸ ಜಗತ್ತಿನ ಪ್ರಥಮ ಚಿಕಿತ್ಸೆಯನ್ನೇ ಬದಲಿಸಿತು. ಸುಮಾರು ಅದೇ ಕಾಲದಲ್ಲಿ ಡೆನ್ಮಾರ್ಕಿನ ಹೆನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ತಾನಾಗಿಯೇ ಉಬ್ಬಿಕೊಳ್ಳುವ ಚೀಲವನ್ನು ರೂಪಿಸಿದರು. ಇಂದು ನಮ್ಮ ಆಂಬುಲೆನ್ಸುಗಳಲ್ಲಿ ಕಾಣುವ ಅಂಬು ಬ್ಯಾಗು ಅದೇ. ಆಧುನಿಕ ಪುನಶ್ಚೇತನ ಚಿಕಿತ್ಸೆ ಕಾಲೂರಿದ್ದು ಬಾಗಿಸಿದ ತಲೆ, ಎತ್ತಿದ ಗದ್ದ, ಊದುವ ಬಾಯಿ ಅಥವಾ ಒತ್ತುವ ಕೈ ಇವುಗಳ ಮೇಲೆ. ಬೆಲೆಬಾಳುವ ಉಪಕರಣಗಳು ಅದಕ್ಕೆ ಸೇರಿಕೊಂಡದ್ದು ನಂತರ.

ಹಾಗಾದರೆ ಟ್ಯೂಬಿಗೆ ಇಷ್ಟು ಗೌರವ ಯಾಕೆ ಬಂತು? ಅದಕ್ಕೆ ಸಕಾರಣವಿದೆ. ಶ್ವಾಸನಾಳದೊಳಗೆ ಕೂತ ಟ್ಯೂಬಿನ ತುದಿಯ ಪುಟ್ಟ ಬಲೂನು ಉಬ್ಬಿದರೆ ಹೊಟ್ಟೆಯಿಂದ ಉಕ್ಕಿದ ವಾಂತಿ, ಬಾಯಿಯ ರಕ್ತ ಶ್ವಾಸಕೋಶಕ್ಕೆ ಇಳಿಯುವುದು ಬಹುಮಟ್ಟಿಗೆ ತಪ್ಪುತ್ತದೆ. ವೆಂಟಿಲೇಟರ್ ಒತ್ತಡ ಹಾಕಿದರೂ ಗಾಳಿ ಅಷ್ಟಾಗಿ ಸೋರುವುದಿಲ್ಲ. ದಿನಗಟ್ಟಲೆ ಕೃತಕ ಉಸಿರಾಟ ಕೊಡಲು ಅದೇ ಸರಿಯಾದ ಹಾದಿ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಹೊಟ್ಟೆ ಖಾಲಿಯಿರುವ, ಪರೀಕ್ಷೆಗಳೆಲ್ಲ ಮುಗಿದಿರುವ ರೋಗಿಗೆ ಅರಿವಳಿಕೆ ತಜ್ಞರು ಒಳ್ಳೆಯ ಬೆಳಕಿನಲ್ಲಿ ಟ್ಯೂಬು ಹಾಕುವಾಗ ಅದು ಬಹಳ ಸುರಕ್ಷಿತವಾದ ಕ್ರಮ. ಆದರೆ ಈ ಸುರಕ್ಷತೆ ಟ್ಯೂಬಿನ ಗುಣವೊಂದೇ ಅಲ್ಲ; ಆ ಕೊಠಡಿಯ, ಆ ಸಿದ್ಧತೆಯ, ದಿನಕ್ಕೆ ಹಲವು ಸಲ ಅದೇ ಕೆಲಸ ಮಾಡಿ ನುರಿತ ಆ ಕೈಯ ಗುಣವೂ ಹೌದು. ಹೊಸಬರು ಶೇಕಡ 90ರ ಯಶಸ್ಸಿನ ಮಟ್ಟ ಮುಟ್ಟಲು ಕನಿಷ್ಠ 50 ಬಾರಿಯಾದರೂ ನಿಜವಾದ ರೋಗಿಗಳಲ್ಲಿ ಈ ಕೆಲಸ ಮಾಡಿರಬೇಕು ಎಂದು ಹಲವು ಅಧ್ಯಯನಗಳ ಒಟ್ಟು ವಿಮರ್ಶೆ ಹೇಳುತ್ತದೆ. ಅದೂ ಬಹುಪಾಲು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ. ಹೆದ್ದಾರಿ ಬದಿಯಲ್ಲಿ ಕತ್ತಲಲ್ಲಿ ಮಲಗಿರುವ, ಕುತ್ತಿಗೆಗೆ ಪೆಟ್ಟಾಗಿರಬಹುದಾದ, ಬಾಯಿ ತುಂಬ ರಕ್ತವಿರುವ ಗಾಯಾಳುವಿನ ಮಾತೇ ಬೇರೆ.

ಆ ಮಾತನ್ನು ಅಂದಾಜಿಗೆ ಬಿಡದೆ ಪರೀಕ್ಷೆಗೆ ಒಡ್ಡಿದ ಅಧ್ಯಯನಗಳಿವೆ. 2000ದಲ್ಲಿ ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳಲ್ಲಿ ಆಸ್ಪತ್ರೆಯ ಹೊರಗೆ ಉಸಿರಿನ ನೆರವು ಬೇಕಾದ 830 ಮಕ್ಕಳ ಮೇಲಿನ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಬರೀ ಮಾಸ್ಕು ಬ್ಯಾಗು, ಇನ್ನೊಂದಕ್ಕೆ ಅದರ ಜೊತೆಗೆ ಟ್ಯೂಬಿನ ಪ್ರಯತ್ನ. ಮಾಸ್ಕಿನ ಗುಂಪಿನಲ್ಲಿ ಶೇಕಡ 30, ಟ್ಯೂಬಿನ ಗುಂಪಿನಲ್ಲಿ ಶೇಕಡ 26 ಮಕ್ಕಳು ಬದುಕಿದರು. ಟ್ಯೂಬಿನಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. 2018ರಲ್ಲಿ ಒಂದೇ ವರ್ಷ ಮೂರು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು, ಮೂರೂ ಆಸ್ಪತ್ರೆಯ ಹೊರಗೆ ಹೃದಯಸ್ತಂಭನವಾದವರ ಮೇಲೆ. ಇಂಗ್ಲೆಂಡಿನ 9,296 ರೋಗಿಗಳಲ್ಲಿ ಟ್ಯೂಬು ಮತ್ತು ಐ-ಜೆಲ್ ಎಂಬ ಗಂಟಲ ಸಾಧನವನ್ನು ಹೋಲಿಸಿದಾಗ, ಚೆನ್ನಾಗಿ ಚೇತರಿಸಿಕೊಂಡವರು ಐ-ಜೆಲ್ ಗುಂಪಿನಲ್ಲಿ ಶೇಕಡ 6.4, ಟ್ಯೂಬಿನ ಗುಂಪಿನಲ್ಲಿ ಶೇಕಡ 6.8, ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಅಮೆರಿಕದ 3,004 ರೋಗಿಗಳಲ್ಲಿ ಗಂಟಲ ಸಾಧನದ ಗುಂಪಿನಲ್ಲಿ ಶೇಕಡ 18.3, ಟ್ಯೂಬಿನ ಗುಂಪಿನಲ್ಲಿ ಶೇಕಡ 15.4 ಜನ 72 ಗಂಟೆ ದಾಟಿದರು. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಆಂಬುಲೆನ್ಸಿನಲ್ಲೇ ವೈದ್ಯರಿರುತ್ತಾರೆ. ಅಲ್ಲಿನ 2,043 ರೋಗಿಗಳಲ್ಲಿ 28 ದಿನಗಳ ನಂತರ ಮಿದುಳು ಸುಸ್ಥಿತಿಯಲ್ಲಿದ್ದು ಬದುಕಿದ್ದವರು ಮಾಸ್ಕಿನ ಗುಂಪಿನಲ್ಲಿ ಶೇಕಡ 4.3, ಟ್ಯೂಬಿನ ಗುಂಪಿನಲ್ಲಿ ಶೇಕಡ 4.2. ಟ್ಯೂಬು ಕೆಟ್ಟದ್ದೆಂದು ಈ ಅಂಕಿಗಳು ಸಾಬೀತು ಮಾಡುವುದಿಲ್ಲ. ಮಾಸ್ಕು ಮತ್ತು ಗಂಟಲ ಸಾಧನ ಕೀಳೆಂಬ ನಂಬಿಕೆಗೆ ಆಧಾರವಿಲ್ಲ ಎಂಬುದನ್ನು ಮಾತ್ರ ತೋರಿಸುತ್ತವೆ.

ಇನ್ನೊಂದು ಬಗೆಯ ಪುರಾವೆ ಆಸ್ಪತ್ರೆಯ ಒಳಗಿನದು. ಅಮೆರಿಕದ ಅರಿಜೋನಾದ ಒಂದು ತುರ್ತು ವಿಭಾಗದಲ್ಲಿ ಟ್ಯೂಬು ಹಾಕಿಸಿಕೊಂಡ 1,828 ರೋಗಿಗಳ ದಾಖಲೆಯನ್ನು 2013ರಲ್ಲಿ ಪ್ರಕಟಿಸಿದರು. ಮೊದಲ ಪ್ರಯತ್ನದಲ್ಲೇ ಟ್ಯೂಬು ಒಳಹೋದವರಲ್ಲಿ ಶೇಕಡ 14ರಷ್ಟು ಜನರಿಗೆ ಏನಾದರೊಂದು ತೊಡಕಾಗಿತ್ತು. ಎರಡನೆಯ ಪ್ರಯತ್ನ ಬೇಕಾದವರಲ್ಲಿ ಅದು ಶೇಕಡ 47ಕ್ಕೆ, ಮೂರನೆಯದು ಬೇಕಾದವರಲ್ಲಿ ಶೇಕಡ 64ರ ಹತ್ತಿರಕ್ಕೆ ಏರಿತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಪ್ರತಿ ಪ್ರಯತ್ನಕ್ಕೂ ಗಂಟಲು ಇನ್ನಷ್ಟು ಊದಿಕೊಳ್ಳುತ್ತದೆ, ರಕ್ತ ಜಿನುಗುತ್ತದೆ, ಕಾಣುತ್ತಿದ್ದ ಧ್ವನಿತಂತುಗಳು ಮರೆಯಾಗುತ್ತವೆ, ಮೊದಲು ಸಾಧ್ಯವಿದ್ದ ಮಾಸ್ಕಿನ ಉಸಿರಾಟವೂ ಕೈಕೊಡತೊಡಗುತ್ತದೆ. 29 ದೇಶಗಳ ಸುಮಾರು 3,000 ತೀವ್ರ ಅಸ್ವಸ್ಥರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಟ್ಯೂಬು ಹಾಕುವ ಹೊತ್ತಿನಲ್ಲಿ ಶೇಕಡ 45 ಜನರಿಗೆ ಒಂದಲ್ಲ ಒಂದು ಗಂಭೀರ ತೊಂದರೆಯಾಗಿತ್ತು. ಶೇಕಡ 3ರಷ್ಟು ಜನರ ಹೃದಯವೇ ನಿಂತಿತ್ತು. ಇಲ್ಲಿ ಗಮನಿಸಬೇಕಾದದ್ದು, ಹೆಚ್ಚಿನ ತೊಂದರೆ ರಕ್ತದೊತ್ತಡದ ಕುಸಿತಕ್ಕೆ ಸಂಬಂಧಿಸಿದ್ದು. ಅರಿವಳಿಕೆಯ ಔಷಧ ರಕ್ತನಾಳಗಳನ್ನು ಸಡಿಲಿಸುತ್ತದೆ, ವೆಂಟಿಲೇಟರಿನ ಒತ್ತಡ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಹೇಗೋ ತಡೆದುಕೊಂಡಿದ್ದ ದೇಹ ಒಮ್ಮೆಲೇ ಕುಸಿಯುತ್ತದೆ. ಮೊದಲು ಆಮ್ಲಜನಕ ತುಂಬಿ, ರಕ್ತದೊತ್ತಡ ಸರಿಪಡಿಸಿ, ಆಮೇಲೆ ಟ್ಯೂಬಿಗೆ ಕೈಹಾಕಬೇಕು ಎಂಬ ಇಂದಿನ ಬೋಧನೆ ಹುಟ್ಟಿದ್ದು ಇಂಥ ಅನುಭವದಿಂದ.

ಕೈಚಳಕದ ಕೊರತೆಯಿಂದ ಮಾತ್ರ ಇಂಥ ಅನಾಹುತವಾಗುತ್ತದೆ ಎಂದುಕೊಳ್ಳುವವರು 2005ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಕರಣವನ್ನು ನೋಡಬೇಕು. ವಿಮಾನ ಚಾಲಕ ಮಾರ್ಟಿನ್ ಬ್ರೊಮಿಲಿ ಅವರ ಪತ್ನಿ ಎಲೈನ್ ಸೈನಸ್‌ನ ಸಣ್ಣ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದರು. ಅರಿವಳಿಕೆಯ ನಂತರ ಉಸಿರಿನ ದಾರಿ ಕೈತಪ್ಪಿತು. ಕೋಣೆಯಲ್ಲಿದ್ದವರು ಅನುಭವಿ ಅರಿವಳಿಕೆ ತಜ್ಞರು ಮತ್ತು ಕಿವಿ-ಮೂಗು-ಗಂಟಲಿನ ಶಸ್ತ್ರಚಿಕಿತ್ಸಕರು. ಆಮ್ಲಜನಕದ ಮಟ್ಟ ಬಹಳ ಹೊತ್ತು ಶೇಕಡ 40ರ ಆಸುಪಾಸಿನಲ್ಲಿದ್ದಾಗಲೂ ಅವರು ಟ್ಯೂಬು ಹಾಕುವ ಪ್ರಯತ್ನದಲ್ಲೇ ಮುಳುಗಿದ್ದರು. ನರ್ಸ್ ಒಬ್ಬರು ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಉಸಿರು ಕೊಡುವ ಸಾಧನಗಳನ್ನು ತಂದು ತಿಳಿಸಿದರು. ಅವರ ಮಾತು ಯಾರ ಗಮನಕ್ಕೂ ಬೀಳಲಿಲ್ಲ. ಎಲೈನ್ ಪ್ರಜ್ಞೆಗೆ ಮರಳದೆ ಕೆಲವು ದಿನಗಳಲ್ಲಿ ತೀರಿಕೊಂಡರು. ಮಾರ್ಟಿನ್ ಯಾರನ್ನೂ ಶಿಕ್ಷಿಸಲು ಹೊರಡಲಿಲ್ಲ. ವಿಮಾನಯಾನದಲ್ಲಿ ಅಪಘಾತಗಳ ತನಿಖೆ ನಡೆಯುವ ರೀತಿಯಲ್ಲೇ ಇದರ ಪಾಠವನ್ನೂ ಹೊರತೆಗೆಯಬೇಕೆಂದು ಒತ್ತಾಯಿಸಿ, ವೈದ್ಯಕೀಯದಲ್ಲಿ ಮನುಷ್ಯ ಸ್ವಭಾವದ ಪಾತ್ರವನ್ನು ಅಧ್ಯಯನ ಮಾಡುವ ಸಂಸ್ಥೆಯನ್ನು 2007ರಲ್ಲಿ ಕಟ್ಟಿದರು. ಪಾಠ ಇಷ್ಟು: ಟ್ಯೂಬೇ ಗೆಲುವು ಎಂದು ಮನಸ್ಸು ನೆಟ್ಟರೆ ತಜ್ಞರಿಗೂ ಹೊತ್ತಿನ ಅರಿವು ತಪ್ಪುತ್ತದೆ. ಪ್ರಯತ್ನಗಳಿಗೆ ಮಿತಿಯನ್ನು ಮೊದಲೇ ಗಟ್ಟಿಯಾಗಿ ಹೇಳಿಟ್ಟಿರಬೇಕು, ಮಿತಿ ದಾಟಿದಾಗ ಎಚ್ಚರಿಸುವ ಹಕ್ಕು ಕೋಣೆಯ ಅತ್ಯಂತ ಕಿರಿಯರಿಗೂ ಇರಬೇಕು. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಹೊರತಂದ ಮಾರ್ಗಸೂಚಿಗಳೂ ಪ್ರಯತ್ನಗಳಿಗೆ ಮಿತಿ ಹಾಕಿ, ನಡುನಡುವೆ ಆಮ್ಲಜನಕ ತುಂಬಲು ಹೇಳುತ್ತವೆ.

ಟ್ಯೂಬು ಒಳಹೋಯಿತು ಎಂದುಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಹೋದದ್ದು ಶ್ವಾಸನಾಳಕ್ಕೋ ಅನ್ನನಾಳಕ್ಕೋ? ಎರಡರ ಬಾಯಿಯೂ ಹಿಂದೆ ಮುಂದೆ ಅಂಟಿಕೊಂಡಂತೆ ಇವೆ. ಅನ್ನನಾಳಕ್ಕೆ ಹೋದರೆ ಒತ್ತಿದ ಗಾಳಿಯೆಲ್ಲ ಹೊಟ್ಟೆ ಸೇರುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದು, ಎದೆಯ ಏರಿಳಿತ, ಟ್ಯೂಬಿನಲ್ಲಿ ಕಾಣುವ ಹಬೆ ಎಲ್ಲವೂ ಮೋಸ ಮಾಡಬಲ್ಲವು. ಬೆರಳಿನ ಆಕ್ಸಿಮೀಟರ್ ಅಪಾಯವನ್ನು ತೋರಿಸುವ ಹೊತ್ತಿಗೆ ದಾಸ್ತಾನು ಕರಗಿರುತ್ತದೆ. ನಂಬಬಹುದಾದ ಸಾಕ್ಷಿ ಕ್ಯಾಪ್ನೋಗ್ರಾಫ್. ರೋಗಿಯ ನಿಶ್ವಾಸದಲ್ಲಿ ಬರುವ ಇಂಗಾಲದ ಡೈಆಕ್ಸೈಡನ್ನು ಉಸಿರುಸಿರಿಗೂ ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ಆ ಅನಿಲ ಸತತವಾಗಿ ಬರುವುದು ಶ್ವಾಸಕೋಶದಿಂದ ಮಾತ್ರ. ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಆಂಬುಲೆನ್ಸಿನಿಂದ ಟ್ಯೂಬು ಹಾಕಿಸಿಕೊಂಡು ಬಂದ 108 ಜನರನ್ನು ಪರೀಕ್ಷಿಸಿದಾಗ ಶೇಕಡ 25 ಜನರ ಟ್ಯೂಬು ಸರಿಯಾದ ಜಾಗದಲ್ಲಿರಲಿಲ್ಲ ಎಂದು 2001ರಲ್ಲಿ ವರದಿಯಾಯಿತು. ಅದೇ ಪ್ರದೇಶದ 2005ರ ಅಧ್ಯಯನದಲ್ಲಿ ಕ್ಯಾಪ್ನೋಗ್ರಾಫ್ ಸತತವಾಗಿ ಬಳಸಿದವರಲ್ಲಿ ಗಮನಕ್ಕೆ ಬಾರದೆ ತಪ್ಪಿದ ಟ್ಯೂಬು ಒಂದೂ ಇರಲಿಲ್ಲ. ಬಳಸದವರಲ್ಲಿ ಶೇಕಡ 23. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ 2011ರಲ್ಲಿ ಹೊರತಂದ ರಾಷ್ಟ್ರೀಯ ತಪಾಸಣಾ ವರದಿ ಒಂದು ವರ್ಷದ 184 ಗಂಭೀರ ಪ್ರಕರಣಗಳನ್ನು ಪರಿಶೀಲಿಸಿತು. ತೀವ್ರ ನಿಗಾ ಘಟಕಗಳಲ್ಲಿ ಸಾವು ಅಥವಾ ಶಾಶ್ವತ ಮಿದುಳಿನ ಹಾನಿಯಾದ ಪ್ರಕರಣಗಳ ಪೈಕಿ ಶೇಕಡ 74ರಲ್ಲಿ ಕ್ಯಾಪ್ನೋಗ್ರಾಫ್ ಇಲ್ಲದಿರುವುದು ಅಥವಾ ಅದನ್ನು ಸರಿಯಾಗಿ ಓದದಿರುವುದು ಕಾರಣಗಳಲ್ಲೊಂದಾಗಿತ್ತು ಎಂದು ಅದು ಕಂಡುಕೊಂಡಿತು. ಟ್ಯೂಬು ಹಾಕುವ ಹಕ್ಕು ಈ ಯಂತ್ರವಿದ್ದಲ್ಲಿ ಮಾತ್ರ ಎಂಬ ನಿಯಮಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ತೂಕವುಳ್ಳದ್ದು: ಮಾಸ್ಕಿನಿಂದ ಹೊಟ್ಟೆಗೂ ಗಾಳಿ ಹೋಗುತ್ತದೆ, ವಾಂತಿಯಾಗಿ ಶ್ವಾಸಕೋಶ ಸೇರುತ್ತದೆ. ನಿಜ. ಫ್ರಾನ್ಸ್-ಬೆಲ್ಜಿಯಂ ಪ್ರಯೋಗದಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದ ಪ್ರಮಾಣ ಮಾಸ್ಕಿನ ಗುಂಪಿನಲ್ಲಿ ಶೇಕಡ 15.2, ಟ್ಯೂಬಿನ ಗುಂಪಿನಲ್ಲಿ ಶೇಕಡ 7.5. ಮಾಸ್ಕು ಕೈಕೊಟ್ಟ ಪ್ರಮಾಣವೂ ಹೆಚ್ಚು. ಮಾಸ್ಕು ಟ್ಯೂಬಿಗಿಂತ ಕಡಿಮೆಯಲ್ಲ ಎಂದು ಆ ಪ್ರಯೋಗದಿಂದ ಖಚಿತವಾಗಿ ಸಾಧಿಸಲಾಗಲಿಲ್ಲ. ಇನ್ನು ಬೆಂಕಿಯ ಹೊಗೆ ಕುಡಿದು ಗಂಟಲು ಊದುತ್ತಿರುವವರಿಗೆ, ಮುಖದ ಮೂಳೆ ನುಚ್ಚಾಗಿ ರಕ್ತ ಗಂಟಲಿಗಿಳಿಯುತ್ತಿರುವವರಿಗೆ, ಅಲರ್ಜಿಯಿಂದ ಧ್ವನಿಪೆಟ್ಟಿಗೆ ಮುಚ್ಚುತ್ತಿರುವವರಿಗೆ ಗಂಟಲ ಮೇಲೆ ಕೂರುವ ಸಾಧನ ಸಾಲದು. ಅವರಿಗೆ ಬೇಗ ಟ್ಯೂಬು ಬೇಕು. ಅದೂ ಆಗದಿದ್ದರೆ ಕತ್ತಿನ ಮುಂಭಾಗದ ಪೊರೆಯನ್ನು ಕೊಯ್ದು ದಾರಿ ಮಾಡಬೇಕು. ಇದನ್ನು ಒಪ್ಪಿದರೂ ವಾದದ ಬುಡ ಅಲುಗುವುದಿಲ್ಲ. ಟ್ಯೂಬು ಯಾರಿಗೆ ಅನಿವಾರ್ಯ ಎಂಬುದು ತೀರ್ಮಾನವಾದ ಮೇಲೂ, ಅದು ಒಳಸೇರುವ ತನಕ ಮತ್ತು ಸೇರದಿದ್ದಾಗ ಏನು ಎಂಬ ಪ್ರಶ್ನೆಗೆ ಉತ್ತರ ಮಾಸ್ಕಿನ ಕೌಶಲವೇ. ವಾಂತಿಯ ಅಪಾಯವನ್ನೂ ಗಣನೀಯವಾಗಿ ಕಡಿಮೆ ಮಾಡಬಹುದು: ಬಾಯಿ ಗಂಟಲಿನ ದ್ರವ ಹೀರುವ ಸಕ್ಷನ್ ಯಂತ್ರ ಕೆಲಸ ಮಾಡುವ ಸ್ಥಿತಿಯಲ್ಲಿ ಕೈಗೆಟುಕುವಲ್ಲಿರಬೇಕು, ಒಬ್ಬರು ಎರಡೂ ಕೈಯಲ್ಲಿ ಮಾಸ್ಕು ಬಿಗಿಹಿಡಿದು ದವಡೆ ಎತ್ತಿದರೆ ಇನ್ನೊಬ್ಬರು ಬ್ಯಾಗು ಒತ್ತಬೇಕು, ಒತ್ತುವ ಕೈ ಮೆದುವಾಗಿ ನಿಧಾನವಾಗಿರಬೇಕು. ಅಮೆರಿಕದ ಮಿಲ್ವಾಕಿಯಲ್ಲಿ ಹೃದಯಸ್ತಂಭನದ ರೋಗಿಗಳಿಗೆ ನುರಿತ ಸಿಬ್ಬಂದಿಯೇ ನಿಮಿಷಕ್ಕೆ ಸರಾಸರಿ 30 ಸಲ ಬ್ಯಾಗು ಒತ್ತುತ್ತಿದ್ದರೆಂದು 2004ರ ಅಧ್ಯಯನ ತೋರಿಸಿತು, ಬೇಕಾದದ್ದು ಹತ್ತರಷ್ಟು. ಬ್ಯಾಗು ಒತ್ತುವುದು ಸುಲಭ, ಯಾರಾದರೂ ಮಾಡಬಹುದು ಎಂಬ ಅಸಡ್ಡೆಯ ಫಲ ಇದು.

ಎರಡನೆಯ ಆಕ್ಷೇಪ: ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ ತಲೆಗೆ ತೀವ್ರ ಪೆಟ್ಟಾದ 312 ಜನರ ಪ್ರಯೋಗ ಬೇರೆಯದನ್ನೇ ಹೇಳುತ್ತದಲ್ಲ? 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ರಸ್ತೆಯಲ್ಲೇ ಔಷಧ ಕೊಟ್ಟು ಟ್ಯೂಬು ಹಾಕಿದವರಲ್ಲಿ ಶೇಕಡ 51 ಜನ ಆರು ತಿಂಗಳ ನಂತರ ಒಳ್ಳೆಯ ಸ್ಥಿತಿಯಲ್ಲಿದ್ದರು. ಆಸ್ಪತ್ರೆ ಮುಟ್ಟಿದ ಮೇಲೆ ಹಾಕಿದವರಲ್ಲಿ ಶೇಕಡ 39. ಟ್ಯೂಬಿನ ಪರವಾದ ಅತ್ಯಂತ ಒಳ್ಳೆಯ ಪುರಾವೆ ಇದು, ಇದನ್ನು ಬದಿಗೆ ಸರಿಸುವಂತಿಲ್ಲ. ಆದರೆ ಅಲ್ಲಿ ಟ್ಯೂಬು ಹಾಕಿದವರು ಅದಕ್ಕೆಂದೇ ತಯಾರಾದ ತೀವ್ರ ನಿಗಾ ಪ್ಯಾರಾಮೆಡಿಕ್‌ಗಳು; ಔಷಧದ ಕ್ರಮ ನಿಗದಿಯಾಗಿತ್ತು, ಟ್ಯೂಬಿನ ಜಾಗವನ್ನು ಕ್ಯಾಪ್ನೋಗ್ರಾಫ್ ದೃಢಪಡಿಸುತ್ತಿತ್ತು, ಟ್ಯೂಬು ಹೋಗದಿದ್ದರೆ ಮುಂದೇನೆಂಬುದೂ ಗೊತ್ತಿತ್ತು. ಹಾಗಿದ್ದೂ ಆಸ್ಪತ್ರೆ ಮುಟ್ಟುವ ಮುನ್ನ ಹೃದಯ ನಿಂತವರ ಸಂಖ್ಯೆ ಟ್ಯೂಬಿನ ಗುಂಪಿನಲ್ಲೇ ಹೆಚ್ಚಿತ್ತು. ಹಿಂದೆ ಬಲವಾದ ವ್ಯವಸ್ಥೆಯಿದ್ದರೆ ಟ್ಯೂಬು ಉಪಕಾರಿ ಎಂದು ವಿಕ್ಟೋರಿಯಾ ಹೇಳಿದರೆ, ಆ ವ್ಯವಸ್ಥೆಯಿಲ್ಲದೆ ಬರೀ ಟ್ಯೂಬು ಕೊಟ್ಟರೆ ಏನಾಗುತ್ತದೆಂದು ಒರ್ಲ್ಯಾಂಡೋ ಹೇಳುತ್ತದೆ. ವಿಡಿಯೋ ಲ್ಯಾರಿಂಗೋಸ್ಕೋಪ್ ಬಂದ ಮೇಲೆ ಈ ಚರ್ಚೆಯೇ ಮುಗಿಯಿತು ಎನ್ನುವವರಿಗೂ ಉತ್ತರ ಇದೇ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಮೊದಲ ಪ್ರಯತ್ನದ ಯಶಸ್ಸು ಹಳೆಯ ಸಾಧನದಲ್ಲಿ ಶೇಕಡ 70.8, ವಿಡಿಯೋದಲ್ಲಿ ಶೇಕಡ 85.1. ದೊಡ್ಡ ಸುಧಾರಣೆಯೇ ಸರಿ. ಆದರೂ ನೂರರಲ್ಲಿ ಹದಿನೈದು ಜನರಿಗೆ ಮೊದಲ ಸಲ ಟ್ಯೂಬು ಹೋಗಲಿಲ್ಲ. ಆ ಹದಿನೈದು ಜನರನ್ನು ಎರಡನೆಯ ಪ್ರಯತ್ನದ ತನಕ ಉಳಿಸುವುದು ಮಾಸ್ಕು.

ಮೂರನೆಯ ಆಕ್ಷೇಪ ವೈದ್ಯಕೀಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸೂತ್ರದಿಂದ ಬರುತ್ತದೆ: ಗ್ಲಾಸ್ಗೋ ಮಾಪನದಲ್ಲಿ ಪ್ರಜ್ಞೆಯ ಅಂಕ ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ಟ್ಯೂಬು ಹಾಕಲೇಬೇಕು. ಈ ಸೂತ್ರ ತಲೆಗೆ ಪೆಟ್ಟಾದವರನ್ನು ನೋಡಿ ಬೆಳೆದದ್ದು. ಕ್ರಮೇಣ ಎಲ್ಲ ಬಗೆಯ ಪ್ರಜ್ಞಾಹೀನತೆಗೂ ಹಬ್ಬಿತು. ಫ್ರಾನ್ಸಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಷ ಅಥವಾ ಅಮಲಿನಿಂದ ಪ್ರಜ್ಞೆ ತಪ್ಪಿದ 225 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ, ತುರ್ತು ಕಾರಣ ಕಾಣದ ಹೊರತು ಟ್ಯೂಬು ಹಾಕದೆ ಹತ್ತಿರದಿಂದ ಕಾದು ನೋಡಿದರು. ಆ ಗುಂಪಿನವರು ತೀವ್ರ ನಿಗಾ ಘಟಕದಲ್ಲಿ ಕಳೆದ ಸಮಯ ಕಡಿಮೆಯಾಯಿತು, ತೊಡಕುಗಳೂ ಕಡಿಮೆ, ಎರಡೂ ಗುಂಪಿನಲ್ಲಿ ಯಾರೂ ಸಾಯಲಿಲ್ಲ. ಅವರಲ್ಲಿ ಹೆಚ್ಚಿನವರ ಸಮಸ್ಯೆ ಮದ್ಯವಾದ್ದರಿಂದ ಇದನ್ನು ನಮ್ಮ ಕೀಟನಾಶಕದ ರೋಗಿಗಳಿಗೆ ನೇರವಾಗಿ ಅನ್ವಯಿಸುವುದು ತಪ್ಪು. ಆದರೆ ಅಂಕ ನೋಡಿ ಯಾಂತ್ರಿಕವಾಗಿ ಟ್ಯೂಬು ತೆಗೆದುಕೊಳ್ಳುವ ಅಭ್ಯಾಸವನ್ನು ಅದು ಪ್ರಶ್ನಿಸುತ್ತದೆ. ರೋಗಿ ತಾನಾಗಿ ಉಸಿರಾಡುತ್ತಿದ್ದಾನೆಯೇ, ದಾರಿ ತೆರೆದಿದೆಯೇ, ಮುಂದಿನ ಒಂದೆರಡು ಗಂಟೆಯಲ್ಲಿ ಸ್ಥಿತಿ ಎತ್ತ ಸಾಗಲಿದೆ ಎಂಬ ಪ್ರಶ್ನೆಗಳ ನಂತರವೇ ಟ್ಯೂಬಿನ ತೀರ್ಮಾನ.

ಇದೆಲ್ಲ ನಮ್ಮ ರಾಜ್ಯದಲ್ಲಿ ಯಾರ ಮೇಲೆ ಬಂದು ನಿಲ್ಲುತ್ತದೆ ಎಂದು ನೋಡೋಣ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಹಾವು ಕಡಿತದಿಂದ 2000ದಿಂದ 2019ರ ನಡುವೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸ್ಥಿತಿ ಎಂದು ಘೋಷಿಸಿತು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಡಿದರೆ ನೋವಾಗಲಿ ಊತವಾಗಲಿ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆ ಜೋಲುತ್ತದೆ, ನುಂಗಲು ಕಷ್ಟವಾಗುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೃದಯ ಗಟ್ಟಿಯಾಗಿಯೇ ಇರುತ್ತದೆ, ಎಷ್ಟೋ ಸಲ ರೋಗಿಗೆ ಪ್ರಜ್ಞೆಯೂ ಇರುತ್ತದೆ. ಬೇಕಾದದ್ದು ಯಾರಾದರೂ ಉಸಿರು ಕೊಡುವುದು. ಈಗಾಗಲೇ ಆದ ಸ್ನಾಯುಗಳ ಸೋಲನ್ನು ವಿಷನಿರೋಧಕ ಚುಚ್ಚುಮದ್ದು ಕೂಡಲೇ ಹಿಂತಿರುಗಿಸಲಾರದು, ದಿನಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು, ಅದಕ್ಕೆ ಟ್ಯೂಬು ಬೇಕೇ ಬೇಕು. ಆದರೆ ತಾಲ್ಲೂಕಿನಿಂದ ಜಿಲ್ಲಾ ಆಸ್ಪತ್ರೆಗೆ ಹೋಗುವ ಒಂದು ಗಂಟೆ ಅವನನ್ನು ಉಳಿಸುವುದು ಎಡೆಬಿಡದೆ ಬ್ಯಾಗು ಒತ್ತುವ ಕೈ. 1952ರ ಪೋಲಿಯೋ ಪಿಡುಗಿನಲ್ಲಿ ಕೋಪನ್‌ಹೇಗನ್ನಿನ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ರಾತ್ರಿ ಹಗಲು ಬ್ಯಾಗು ಒತ್ತಿ ರೋಗಿಗಳನ್ನು ಬದುಕಿಸಿದ ದಾಖಲೆ ಇದೆ. ಕೀಟನಾಶಕ ಕುಡಿದವರ ಕತೆ ಇನ್ನೂ ಜಟಿಲ: ಬಾಯಿ, ಶ್ವಾಸನಾಳ ಎರಡರಲ್ಲೂ ದ್ರವ ಉಕ್ಕುತ್ತದೆ. ಅಲ್ಲಿ ಮೊದಲು ಸಕ್ಷನ್, ಆಮ್ಲಜನಕ, ತಕ್ಷಣ ಆಟ್ರೋಪಿನ್. ಟ್ಯೂಬು ಹಲವರಿಗೆ ಬೇಕಾಗುತ್ತದೆ, ಆದರೆ ಈ ಮೂರನ್ನು ಬಿಟ್ಟು ಗಂಟಲಿಗೆ ಕೈಹಾಕಿದರೆ ಕಾಣುವುದು ನೊರೆ ಮಾತ್ರ.

ಕರ್ನಾಟಕದಲ್ಲಿ ಆರೋಗ್ಯ ಕವಚ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಅದರ ವಾಹನಗಳಲ್ಲಿ ವೆಂಟಿಲೇಟರ್ ಇರುವವು ಕೆಲವು, ಮೂಲಭೂತ ಸಲಕರಣೆಯವು ಹೆಚ್ಚು. ಎರಡರಲ್ಲೂ ರೋಗಿಯ ಪಕ್ಕ ಕೂರುವುದು ತುರ್ತು ತಂತ್ರಜ್ಞರು. ಅವರು ವರ್ಷಕ್ಕೆ ಎಷ್ಟು ಟ್ಯೂಬು ಹಾಕುತ್ತಾರೆ ಎಂದು ಅಳೆಯುವುದಕ್ಕಿಂತ, ಎಷ್ಟು ರೋಗಿಗಳನ್ನು ಆಮ್ಲಜನಕ ಕುಸಿಯದಂತೆ ತಲುಪಿಸಿದರು ಎಂದು ಅಳೆಯುವುದು ಸರಿಯಾದ ಮಾನದಂಡ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಿಗೆ ವೆಂಟಿಲೇಟರ್‌ಗಳು ಹರಿದುಬಂದವು. ಬಳಸಬಲ್ಲ ಸಿಬ್ಬಂದಿಯಿಲ್ಲದೆ ಅವು ಮೂಲೆ ಸೇರಿದ ವರದಿಗಳು ಹಲವು ರಾಜ್ಯಗಳಿಂದ ಬಂದವು. ಯಂತ್ರ ಕೊಂಡು ತರಬೇತಿಯನ್ನು ಮುಂದೂಡುವುದೆಂದರೆ ಬಾಯಾರಿದಾಗ ಬಾವಿ ತೋಡಿದಂತೆ. ಖರೀದಿಗೂ ಕಲಿಕೆಗೂ ಒಂದು ಕ್ರಮ ಬೇಕು. ತಲೆ ಬಾಗಿಸಿ ದವಡೆ ಎತ್ತುವುದು, ಇಬ್ಬರು ಸೇರಿ ಮಾಸ್ಕು ಹಿಡಿಯುವುದು, ಸಕ್ಷನ್ ಮಾಡುವುದು ಪ್ರತಿ ವೈದ್ಯ, ನರ್ಸ್, ತಂತ್ರಜ್ಞರ ಕೈಗೆ ಬಂದಿರಬೇಕು, ವರ್ಷವರ್ಷವೂ ಅದರ ಪರೀಕ್ಷೆಯಾಗಬೇಕು. ಬ್ರಿಟನ್ನಿನ ಆರ್ಚಿ ಬ್ರೈನ್ 1980ರ ದಶಕದಲ್ಲಿ ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಅಥವಾ ಅದರ ನಂತರದ ಐ-ಜೆಲ್‌ನಂಥ ಗಂಟಲ ಸಾಧನ ಎಲ್ಲ ಅಳತೆಗಳಲ್ಲೂ ಪ್ರತಿ ಆಂಬುಲೆನ್ಸಿನಲ್ಲಿ, ಪ್ರತಿ ತುರ್ತು ಕೋಣೆಯಲ್ಲಿ ಇರಬೇಕು. ಟ್ಯೂಬು ಹಾಕುವ ಪ್ರತಿಯೊಂದು ಜಾಗದಲ್ಲೂ ಕ್ಯಾಪ್ನೋಗ್ರಾಫ್ ಇರಬೇಕು. ಇವಿಷ್ಟೂ ಇದ್ದಲ್ಲಿ, ನಿಯಮಿತವಾಗಿ ಕೈ ಪಳಗಿಸಿಕೊಳ್ಳುವವರಿಗೆ, ಟ್ಯೂಬು.

ಇದು ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆ, ನಗರದ ಶ್ರೀಮಂತ ಆಸ್ಪತ್ರೆಯಲ್ಲಿ ಟ್ಯೂಬು, ಹಳ್ಳಿಯವರಿಗೆ ಮಾಸ್ಕು ಎಂದಂತಾಗಲಿಲ್ಲವೇ ಎಂಬ ಪ್ರಶ್ನೆ ಕೊನೆಯದು. ಇದರ ಹಿಂದಿನ ಕಾಳಜಿ ಗೌರವಾರ್ಹ, ಆದರೆ ಪ್ರಶ್ನೆಯೇ ಹಳೆಯ ಶ್ರೇಣಿಯನ್ನು ಒಪ್ಪಿಕೊಂಡು ಹೊರಟಿದೆ. ಇಂಗ್ಲೆಂಡಿನ ಪ್ರಯೋಗದ ರೋಗಿಗಳೂ ಅಮೆರಿಕದ ಪ್ರಯೋಗದ ರೋಗಿಗಳೂ ಬಡ ದೇಶದವರಲ್ಲ. ಗಂಟಲ ಸಾಧನ ಸಿಕ್ಕಿದ್ದರಿಂದ ಅವರಿಗೆ ಅನ್ಯಾಯವಾಗಲಿಲ್ಲ. ಆ ಅಧ್ಯಯನಗಳು ಹೃದಯಸ್ತಂಭನದವು, ಬೇರೆ ವ್ಯವಸ್ಥೆಯವು, ನಮಗೆ ಯಥಾವತ್ತಾಗಿ ಹೊಂದುವುದಿಲ್ಲ ಎಂದರೆ ಅದೂ ನಿಜ. ಆದರೆ ವೈದ್ಯರೇ ಆಂಬುಲೆನ್ಸಿನಲ್ಲಿರುವ, ಆಸ್ಪತ್ರೆ ಹತ್ತಿರವಿರುವ ಕಡೆಯೂ ಟ್ಯೂಬಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲವೆಂದರೆ, ಕೈಗೆ ಅಭ್ಯಾಸ ಕಡಿಮೆಯಿರುವ, ಕ್ಯಾಪ್ನೋಗ್ರಾಫ್ ಅಪರೂಪವಾದ ಕಡೆ ಲಾಭ ಹೆಚ್ಚೀತು ಎಂದು ನಂಬಲು ಕಾರಣ ಸಿಗುವುದಿಲ್ಲ. ಎರಡನೇ ದರ್ಜೆಯ ಚಿಕಿತ್ಸೆ ಎಂದರೆ ಖಚಿತಪಡಿಸಿಕೊಳ್ಳಲು ಯಂತ್ರವಿಲ್ಲದೆ ಹಾಕಿದ ಟ್ಯೂಬು. ಜಿಲ್ಲೆ ಜಿಲ್ಲೆಗೂ ತುರ್ತು ವೈದ್ಯಕೀಯ ತಜ್ಞರು, ಅರಿವಳಿಕೆ ತಜ್ಞರು ಬರಬೇಕೆಂಬ ಬೇಡಿಕೆಯನ್ನು ಇದು ದುರ್ಬಲಗೊಳಿಸುವುದೂ ಇಲ್ಲ. ಅವರು ಬರುವ ತನಕ ರೋಗಿಗಳು ಬದುಕಿರಬೇಕಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯ ಮುಂದೆ, ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು, ಸ್ಪಷ್ಟವಾದದ್ದು: ಮಾಸ್ಕಿನಿಂದ ಉಸಿರು ಕೊಡಲು ಬಾರದವರಿಗೆ ತುರ್ತು ಕೋಣೆಯ ಪಾಳಿ ಕೊಡಬೇಡಿ, ಕ್ಯಾಪ್ನೋಗ್ರಾಫ್ ಇಲ್ಲದಲ್ಲಿ ಟ್ಯೂಬು ಹಾಕುವುದು ರೂಢಿಯಾಗಲು ಬಿಡಬೇಡಿ. ಓದುಗರ ಪಾಲಿನ ಕೆಲಸವೂ ಇದೆ. ಊರಿನ ಆಸ್ಪತ್ರೆಗೆ ಹೊಸ ವೆಂಟಿಲೇಟರ್ ಬಂದು ಅದರ ಉದ್ಘಾಟನೆಯಾದಾಗ, ಅದನ್ನು ನಡೆಸುವವರು ಯಾರು, ಪಕ್ಕದಲ್ಲಿ ಸಕ್ಷನ್ ಕೆಲಸ ಮಾಡುತ್ತಿದೆಯೇ, ಕ್ಯಾಪ್ನೋಗ್ರಾಫ್ ಇದೆಯೇ ಎಂದು ಕೇಳಿ. ಪ್ರಜ್ಞೆ ತಪ್ಪಿ ಬಿದ್ದವರ ತಲೆ ಬಾಗಿಸಿ ಗದ್ದ ಎತ್ತುವುದನ್ನು ನೀವೂ ಕಲಿಯಿರಿ; ಅಪಘಾತದ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆಯಿದೆ. ಆಂಬುಲೆನ್ಸ್ ಬರುವ ತನಕದ ನಿಮಿಷಗಳಲ್ಲಿ ಅಲ್ಲಿರುವುದು ನೀವೇ.